ವರಸೆಯ ಸಲಿಗೆ

ಸುಷ್ಮಿತಾ ಆಫೀಸಿನ ಒಳಗೆ ಬಂದು ಬಾಗಿಲು ಹಾಕಿಕೊಂಡಾಗಲೇ ಇದು ರಜೆ ಕೇಳುವ ಮುಖವಲ್ಲ ಅಂತ ಉಷಾರಾಣಿಗೆ ಗೊತ್ತಾಯಿತು. ಪ್ಯಾಕಿಂಗ್ ವಿಭಾಗದ ಹುಡುಗಿ, ಡಿಗ್ರಿ ಮುಗಿಸಿದವಳು, ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ತಲೆಗೆ ಹಾಕುವ ಬಿಳಿ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಳು. ಕುಂತ್ಕಳವ್ವ ಅಂದರೂ ಕೂರಲಿಲ್ಲ.

"ಗೋವಿಂದಯ್ಯನವರು ನನ್ನ ಸೊಂಟಕ್ಕೆ ಕೈ ಹಾಕಿದ್ರು ಅಕ್ಕ," ಅಂದಳು. "ಡ್ರೈಯರ್ ಹಿಂದಿನ ಓಣೀಲಿ. ಇಷ್ಟು ದಿನ ಬರೀ ಬಾಯಲ್ಲಿತ್ತು. ಈಗ ಕೈಗೆ ಬಂದೈತೆ."

ಗೋವಿಂದಯ್ಯ ಉಷಾರಾಣಿಯ ಕಾರ್ಖಾನೆಯ ಸೂಪರ್‌ವೈಸರ್ ಮಾತ್ರ ಆಗಿದ್ದರೆ ಮಾತು ಬೇರೆ. ಅವನು ಅವಳ ಸೋದರಮಾವ, ಅಮ್ಮನ ಒಬ್ಬನೇ ತಮ್ಮ. ಹಿರಿಯೂರಿನ ಹೊರಗೆ ಹೆದ್ದಾರಿ ಪಕ್ಕ ಕೊಬ್ಬರಿ ಪುಡಿ ಕಾರ್ಖಾನೆ ಹಾಕುತ್ತೇನೆ ಅಂತ ಇವಳು ಹೊರಟಾಗ ನೆಂಟರಿಷ್ಟರೆಲ್ಲ ಮೂಗು ಮುರಿದಿದ್ದರು. ಹೆಂಗಸು ತೆಂಗಿನಕಾಯಿ ಮಂಡಿಯ ಗಂಡಸರ ಜೊತೆ ವ್ಯಾಪಾರ ಮಾಡುತ್ತಾಳಂತೆ ಅಂತ ನಕ್ಕಿದ್ದರು. ಬೆನ್ನಿಗೆ ನಿಂತವನು ಈ ಮಾವ ಒಬ್ಬನೇ. ಊರೂರು ತಿರುಗಿ ಹೆಣ್ಣಾಳುಗಳನ್ನು ಹೊಂದಿಸಿದವನು ಅವನು. ಇವತ್ತಿಗೂ ಅವನ ಟೆಂಪೋ ಹಳ್ಳಿಗಳ ಮೇಲೆ ಹಾದು ಆಳುಗಳನ್ನು ತುಂಬಿಕೊಂಡು ಬಂದರೆ ಮಾತ್ರ ಕಾರ್ಖಾನೆಯಲ್ಲಿ ಕಾಯಿ ಒಡೆಯುತ್ತದೆ, ಇಲ್ಲದಿದ್ದರೆ ಇಲ್ಲ.

"ಬೇರೆ ಯಾರಿಗಾದ್ರೂ ಹೇಳಿದ್ದೀಯಾ?" ಅಂತ ಕೇಳಿದಳು. ಮೊದಲು ಬಾಯಿಗೆ ಬಂದ ಪ್ರಶ್ನೆಯೇ ಅದು. ನಿನಗೇನಾಯಿತು, ಹೇಗಿದ್ದೀಯಾ ಅಂತ ಕೇಳಲಿಲ್ಲ.

"ಇಲ್ಲ ಅಕ್ಕ. ನೀವು ಹೆಣ್ಮಕ್ಳು, ನಿಮಗೆ ಹೇಳಿದ್ರೆ ಸಾಕು ಅಂತ ಬಂದೆ. ಇದು ಯಾರಿಗೂ ಗೊತ್ತಾಗೋದು ಬ್ಯಾಡ. ಅವರು ನನ್ನ ತಂಟೆಗೆ ಬರದಂಗೆ ಮಾಡಿ, ಅಷ್ಟೇ."

"ನಾನಿದ್ದೀನಿ, ಹೋಗವ್ವ," ಅಂದಳು ಉಷಾರಾಣಿ. ಹಾಗನ್ನುವುದು ಎಷ್ಟು ಸುಲಭ ಅಂತ ಮಾಲೀಕರಿಗೆ ಚೆನ್ನಾಗಿ ಗೊತ್ತು.

ಮಾವನನ್ನು ಕರೆಸಿ ಕೇಳಿದಾಗ ಅವನು ಗಾಬರಿಯಾಗಬಹುದು, ಇಲ್ಲ ರೇಗಬಹುದು ಅಂದುಕೊಂಡಿದ್ದಳು. ಅವನು ಕುರ್ಚಿ ಎಳೆದುಕೊಂಡು ಕೂತು ಹೊಟ್ಟೆ ಕುಣಿಯುವಂತೆ ನಕ್ಕ.

"ಅಯ್ಯೋ ಹುಚ್ಚಿ, ಪಾಲಯ್ಯನ ಮಗಳಲ್ವೇನೇ ಅದು? ಪಾಲಯ್ಯ ನಮ್ಮ ಹೊಲ್ದಾಗೆ ಗೊಬ್ಬರಕ್ಕೆ ಕುರಿ ಮಂದೆ ಹಾಕ್ತಾನೆ, ಇವತ್ತಿನದಲ್ಲ, ಅವರಪ್ಪನ ಕಾಲದಿಂದ. ನಂಗೆ ಭಾವ ಅಂತಾನೆ. ಭಾವ ಅನ್ನೋನ ಮಗಳು ನಂಗೇನಾಗ್ಬೇಕು? ಸೊಸೆ. ಮಾವ-ಸೊಸೆ ಮಧ್ಯೆ ಒಂದು ಮಾತು, ಒಂದು ನಗೆ ಇರಬಾರ್ದಾ? ವರಸೆ ಅಂತ ಒಂದೈತೋ ಇಲ್ವೋ ನಮ್ಮ ಕಡೆ?"

ವರಸೆ ಅನ್ನುವುದು ಇದೆ, ಯಾರು ಇಲ್ಲವೆಂದರು? ರಕ್ತ ಸಂಬಂಧ ಇರಲಿ ಬಿಡಲಿ, ಜಾತಿ ಬೇರೆಯೇ ಆಗಿರಲಿ, ಊರಿನಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಏನೋ ಒಂದು ಆಗಲೇಬೇಕು. ಅಣ್ಣ-ತಂಗಿ ವರಸೆ ಬಂದರೆ ತಲೆ ಎತ್ತಿ ತಮಾಷೆ ಮಾಡುವಂತಿಲ್ಲ. ಭಾವ-ನಾದಿನಿ, ಮಾವ-ಸೊಸೆ ವರಸೆ ಬಂದರೆ ಕೀಟಲೆಗೆ ಅಡ್ಡಿಯಿಲ್ಲ, ಅದಕ್ಕೆ ಕೋಪ ಮಾಡಿಕೊಂಡವರೇ ಬಿಗುಮಾನದವರು. ಉಷಾರಾಣಿ ಬೆಳೆದದ್ದೇ ಇದರೊಳಗೆ. ಹಾಗಾಗಿ ಮಾವನ ಮಾತು ಕೇಳಿ ಅರ್ಧ ಮನಸ್ಸು ಹಗುರಾಯಿತು. ಇನ್ನರ್ಧಕ್ಕೆ ಡ್ರೈಯರ್ ಹಿಂದಿನ ಓಣಿ ಕಾಣುತ್ತಲೇ ಇತ್ತು. ಅಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು, ಅಷ್ಟು ಇಕ್ಕಟ್ಟು.

ಚಿತ್ರದುರ್ಗಕ್ಕೆ ಫೋನ್ ಮಾಡಿದಳು. ಅಲ್ಲಿನ ಲಕ್ಷ್ಮೀಕಾಂತ್ ಅವಳ ಕಾರ್ಖಾನೆಯ ಪಿಎಫ್, ಇಎಸ್‌ಐ, ಲೈಸೆನ್ಸು ಎಲ್ಲದರ ಕಾಗದಪತ್ರ ನೋಡಿಕೊಳ್ಳುವವನು. ಹೆಸರು ಹೇಳದೆ ವಿಷಯ ಹೇಳಿದಳು. ಅವನ ದನಿ ಬದಲಾಯಿತು.

"ಮೇಡಂ, ನಿಮ್ಮಲ್ಲಿ ಆಂತರಿಕ ಸಮಿತಿ ಐತಲ್ಲ, ದುರುಗಕ್ಕ ಅಧ್ಯಕ್ಷೆ. ಹತ್ತು ಜನ, ಇಲ್ಲ ಅದಕ್ಕಿಂತ ಜಾಸ್ತಿ ಕೆಲಸ ಮಾಡೋ ಕಡೆ ಅದು ಇರಲೇಬೇಕು ಅಂತ ನಾನೇ ಮಾಡಿಸಿದ್ನಲ್ಲ. ಹುಡುಗಿ ಕೈಲಿ ದೂರು ಬರೆಸಿ, ಸಮಿತಿಗೆ ಕೊಡಿ, ಅವರು ವಿಚಾರಣೆ ಮಾಡ್ತಾರೆ. ನೀವು ನಡುವೆ ಹೋಗಬ್ಯಾಡ್ರಿ. ಆ ಹುಡುಗಿ ತಾನಾಗೇ ಕೇಳಿದ್ರೆ ಮಾತ್ರ ರಾಜಿ. ಮುಖ್ಯ, ಅವಳ ಹೆಸರು ಹೊರಗೆ ಬರಬಾರ್ದು."

ಸಮಿತಿ ಇತ್ತು. ಕೈ ತೊಳೆಯುವ ಜಾಗದ ಪಕ್ಕ ಗೋಡೆಗೆ ಅದರ ಆದೇಶ ಅಂಟಿಸಿದ್ದರು, ಅದರ ಮೇಲೆ ಯಾವುದೋ ಸಿಮೆಂಟ್ ಅಂಗಡಿಯ ಕ್ಯಾಲೆಂಡರು ನೇತಾಡುತ್ತಿತ್ತು. ಅಧ್ಯಕ್ಷೆ ದುರುಗಕ್ಕ ಕಾಯಿಯ ಕಪ್ಪು ಸಿಪ್ಪೆ ಹೆರೆಯುವ ಹೆಂಗಸು, ಎಲ್ಲರಿಗಿಂತ ಹಳಬಳು. ತಾನು ಅಧ್ಯಕ್ಷೆ ಅನ್ನುವ ಸುದ್ದಿ ಅವಳೊಬ್ಬಳಿಗೆ ಬಿಟ್ಟು ಸರ್ಕಾರಕ್ಕೆಲ್ಲ ಗೊತ್ತಿತ್ತು.

ಉಷಾರಾಣಿ ರಾತ್ರಿಯೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಳು. ದೂರು, ವಿಚಾರಣೆ, ವರದಿ ಅಂತ ತಿಂಗಳುಗಟ್ಟಲೆ ಎಳೆಯುವುದಕ್ಕಿಂತ ನಮ್ಮ ಹಿರಿಯರು ಮಾಡಿದಂತೆ ಮಾಡಿದರೆ ಒಂದು ಗಳಿಗೆಯಲ್ಲಿ ಮುಗಿಯುತ್ತದೆ. ನಾಲ್ಕು ಜನರ ಮುಂದೆ ತಪ್ಪೊಪ್ಪಿಸಿ, ಎಲೆ-ಅಡಿಕೆ ಕೊಡಿಸಿ, ಅಲ್ಲಿಗೆ ಎತ್ತಿಟ್ಟುಬಿಡುವುದು. ಎಲೆ-ಅಡಿಕೆ ತೆಗೆದುಕೊಂಡ ಮೇಲೆ ಆ ಮಾತನ್ನು ಯಾರೂ ಎತ್ತಿ ಆಡುವಂತಿಲ್ಲ. ಸ್ವಂತ ಸೋದರಮಾವನನ್ನು ಆಳುಕಾಳುಗಳ ಮುಂದೆ ಕೈ ಮುಗಿಸುವುದು ಸಣ್ಣ ಮಾತೇ? ಇದಕ್ಕಿಂತ ದೊಡ್ಡ ನ್ಯಾಯ ಯಾವ ಕಾನೂನು ಕೊಟ್ಟೀತು? ಹೀಗೆಲ್ಲ ಅಂದುಕೊಂಡಳು, ನಿಜವಾಗಿಯೂ ನಂಬಿದಳು. ಸುಷ್ಮಿತಾಳನ್ನು ಒಂದು ಮಾತು ಕೇಳಬೇಕು ಅಂತ ಮಾತ್ರ ಹೊಳೆಯಲಿಲ್ಲ.

ಮಾರನೇ ದಿನ ಟೀ ಹೊತ್ತಿಗೆ ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಶೆಡ್ಡಿಗೆ ಕರೆಸಿದಳು. ಸಿಪ್ಪೆ ಹೆರೆಯುವವರು, ಕರಟ ಬಿಡಿಸುವ ಗಂಡಸರು, ಲೋಡಿಂಗಿನವರು, ಎಲ್ಲರೂ ಲೋಟ ಹಿಡಿದುಕೊಂಡೇ ಬಂದು ಸುತ್ತ ನಿಂತರು. ಉಷಾರಾಣಿ ಸುಷ್ಮಿತಾಳ ಹೆಸರು ಕೂಗಿದಳು. ಹುಡುಗಿ ಗುಂಪಿನಿಂದ ಮುಂದೆ ಬಂದು, ಮಧ್ಯದಲ್ಲಿ ನಿಂತಿದ್ದ ಗೋವಿಂದಯ್ಯನನ್ನೂ ತಟ್ಟೆಯಲ್ಲಿದ್ದ ಎಲೆ-ಅಡಿಕೆಯನ್ನೂ ನೋಡಿದಳು. ಅವಳ ಮುಖದ ಬಣ್ಣ ಹೋಯಿತು. ಭಯಕ್ಕೆ ಹಾಗಾಗಿದೆ, ಇನ್ನು ಸರಿಹೋಗುತ್ತದೆ ಅಂದುಕೊಂಡಳು ಉಷಾರಾಣಿ.

"ಏನೋ ವರಸೆಗೆ ಒಂದು ತಮಾಷೆ ಮಾಡ್ದೆ," ಅಂದ ಗೋವಿಂದಯ್ಯ ಕೈ ಜೋಡಿಸಿ. "ಹುಡುಗಿ ಓದ್ದೋಳು, ಮನಸ್ಸಿಗೆ ಹಚ್ಕಂಡೈತೆ. ತಪ್ಪಾಯ್ತು ಕಣವ್ವ ಸೊಸೆ."

ಹಿಂದೆ ಯಾರೋ ಕಿಸಕ್ಕೆಂದರು. ಉಷಾರಾಣಿ ತಾನೇ ಎಲೆ-ಅಡಿಕೆ ತೆಗೆದು ಹುಡುಗಿಯ ಕೈಗೆ ಇಟ್ಟು, ಬೆರಳು ಮಡಿಸಿದಳು. ಆ ಬೆರಳುಗಳು ಮರಗಟ್ಟಿದ್ದವು. ಉಳಿದ ಎಲೆ-ಅಡಿಕೆ ಎಲ್ಲರಿಗೂ ಹಂಚಿಕೆಯಾಯಿತು, ದುರುಗಕ್ಕನೂ ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಯಂತ್ರಗಳು ಮತ್ತೆ ಶುರುವಾದವು. ಉಷಾರಾಣಿ ಆಫೀಸಿಗೆ ಬಂದು ಫ್ಯಾನಿನ ಕೆಳಗೆ ಕೂತು ನಿಟ್ಟುಸಿರು ಬಿಟ್ಟಳು. ಸುಳ್ಳೇಕೆ, ಅವಳಿಗೆ ತನ್ನ ಬಗ್ಗೆ ಹೆಮ್ಮೆಯೂ ಆಯಿತು.

ಮಾರನೇ ದಿನ ಸುಷ್ಮಿತಾ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಬಂದದ್ದು ಪಾಲಯ್ಯನ ಫೋನು. ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದವನು ಯಾರದ್ದೋ ಮೊಬೈಲಿನಿಂದ ಮಾತಾಡಿದ.

"ಏನವ್ವ, ನನ್ನ ಮಗಳ್ನ ನಡುವೆ ನಿಲ್ಸಿ ಪಂಚಾಯ್ತಿ ಮಾಡಿದ್ರಂತೆ. ಟೆಂಪೋ ಊರಿಗೆ ಬರೋಕ್ ಮುಂಚೆ ಸುದ್ದಿ ಬಂದೈತೆ. ಈಗ ಬಾವಿ ಹತ್ರ, ಅಂಗಡಿ ಹತ್ರ, ಏನಾಗಿತ್ತಂತೆ, ಎಷ್ಟು ದಿನದಿಂದ ಅಂತೆ ಅಂತ ಕೇಳಾರೇ ಎಲ್ಲ. ಅವನ್ನ ಯಾರೂ ಕೇಳ್ತಿಲ್ಲ, ನನ್ನ ಮಗಳ್ನ ಕೇಳ್ತಾವ್ರೆ. ನಾನೇನ್ ಮಾಡ್ಲಿ ಇಲ್ಲಿ ಕುಂತ್ಕಂಡು?"

ಸಂಜೆ ಫೈಲು ಹಿಡಿದು ಬಂದ ಲಕ್ಷ್ಮೀಕಾಂತ್ ವಿಷಯ ಕೇಳಿ ತಲೆ ಮೇಲೆ ಕೈ ಹೊತ್ತು ಕೂತ. ಹೆಸರು ಹೊರಗೆ ಬರಬಾರದು ಅಂತಲೇ ಆ ಕಾನೂನು ಬಾಗಿಲು ಹಾಕಿಕೊಂಡು ವಿಚಾರಣೆ ಮಾಡಿ ಅನ್ನುತ್ತದೆ, ನೀವು ಟಾಂ ಟಾಂ ಹೊಡೆಸಿದಿರಿ ಅಂದ. ಆ ಹುಡುಗಿ ಈಗ ಜಿಲ್ಲಾ ಕಚೇರಿಗೆ ಹೋದರೆ ಮೊದಲು ಉತ್ತರ ಕೊಡಬೇಕಾದವರು ನೀವೇ ಅಂದ. ಉಷಾರಾಣಿ ಕೇಳಿಸಿಕೊಂಡಳು. ದಂಡದ ಹೆದರಿಕೆ ಇಲ್ಲವೆಂದಲ್ಲ. ಆದರೆ ಕಿವಿಯಲ್ಲಿ ನಿಂತದ್ದು ಪಾಲಯ್ಯನ ಮಾತು.

ಬೆಳಿಗ್ಗೆ ಅವಳು ಆಫೀಸಿನಲ್ಲಿ ಕೂರಲಾಗದೆ ಕೆಲಸದ ಜಾಗಕ್ಕೆ ಬಂದಳು. ಕಾಯಿ ರಾಶಿಯ ಮರೆಯಲ್ಲಿ ನಿಂತಿದ್ದರಿಂದ ಗೋವಿಂದಯ್ಯನಿಗೆ ಅವಳು ಕಾಣುತ್ತಿರಲಿಲ್ಲ. ಅವನು ಎಂದಿನಂತೆ ಸಾಲಿನಲ್ಲಿ ಓಡಾಡುತ್ತಾ ಒಬ್ಬೊಬ್ಬರನ್ನೇ ಮಾತಾಡಿಸುತ್ತಿದ್ದ. ದಿನವೂ ಕೇಳುವ ದನಿ. ಇವತ್ತು ಅವಳಿಗೆ ಅದರೊಳಗಿನ ಪದಗಳು ಕೇಳಿಸಿದವು.

"ಏನ್ ತಂಗಿ, ಹುಷಾರಿದ್ಯೇನವ್ವ?" ಅಂದದ್ದು ಸಿದ್ದಕ್ಕನಿಗೆ. ಸಿದ್ದಕ್ಕನ ಅಣ್ಣತಮ್ಮಂದಿರು ಇದೇ ಕಾರ್ಖಾನೆಯ ಲೋಡಿಂಗಿನಲ್ಲಿದ್ದಾರೆ, ಒಬ್ಬೊಬ್ಬರ ತೋಳು ಒಂದೊಂದು ಒನಕೆಯಷ್ಟು. ಅವಳ ಪಕ್ಕದವಳ ಗಂಡ ಪಂಚಾಯ್ತಿ ಮೆಂಬರ್. ಅವಳಿಗೆ "ಅಕ್ಕಾ" ಅಂದ. ಆಮೇಲೆ ಮಲ್ಲಕ್ಕ. ಗಂಡ ತೀರಿಕೊಂಡು ತವರೂ ಇಲ್ಲದವಳು. "ಏನೇ ನಾದಿನಿ, ಇವತ್ತು ಮಲ್ಲಿಗೆ ಮುಡಿದಿಲ್ಲ?" ಅಂತ ಅವಳ ಬೆನ್ನ ಹಿಂದೆ ಬಾಗಿ ಕೇಳಿದ. ಮಲ್ಲಕ್ಕ ನಗಲಿಲ್ಲ, ಕೈಯಲ್ಲಿದ್ದ ಕಾಯಿಯ ಮೇಲೆ ಇನ್ನಷ್ಟು ಬಗ್ಗಿದಳು. ಕುರಿಗಾಹಿಗಳ ಹಟ್ಟಿಯಿಂದ ಬರುವ ಹುಡುಗಿಯರು ಕೊನೆಯ ಸಾಲಿನಲ್ಲಿದ್ದರು. ಅವರ ಅಪ್ಪಂದಿರು ವರ್ಷದಲ್ಲಿ ಅರ್ಧ ಕಾಲ ಮಂದೆಯ ಹಿಂದೆ ಊರು ಬಿಟ್ಟಿರುತ್ತಾರೆ. ಅವರೆಲ್ಲ ಅವನಿಗೆ ಸೊಸೆಯರು.

ಉಷಾರಾಣಿ ಕಾಯಿ ರಾಶಿಗೆ ಕೈ ಊರಿದಳು. ಯಾರ ಹಿಂದೆ ಗಂಡಸರಿದ್ದಾರೋ ಅವರು ತಂಗಿ, ಅಕ್ಕ. ಯಾರ ಹಿಂದೆ ಯಾರೂ ಇಲ್ಲವೋ ಅವರು ನಾದಿನಿ, ಸೊಸೆ. ವರಸೆ ಊರಿನದಲ್ಲ, ಇವನು ಕೂತು ಹಂಚಿದ್ದು. ಇಡೀ ಕಾರ್ಖಾನೆಯಲ್ಲಿ ಅವನಿಗೆ ನಿಜವಾಗಿ ಸೊಸೆ ಆಗಬೇಕಾದವಳು ಇವಳೊಬ್ಬಳೇ, ಒಡಹುಟ್ಟಿದ ಅಕ್ಕನ ಮಗಳು. ಹುಟ್ಟಿದಾಗಿನಿಂದ ಇವತ್ತಿನವರೆಗೆ ಇವಳ ಜೊತೆ ಮಾತ್ರ ಅವನು ಒಂದೇ ಒಂದು ಅಂಥ ತಮಾಷೆ ಮಾಡಿರಲಿಲ್ಲ. ಅವಳಿಗೆ ಅವನ ಮೇಲೆ ಅಸಹ್ಯ ಉಕ್ಕಿತು, ಕಣ್ಣೆದುರೇ ಇದ್ದದ್ದು ಕಾಣದ ತನ್ನ ಮೇಲೂ.

ದುರುಗಕ್ಕನನ್ನು ಆಫೀಸಿಗೆ ಕರೆದು, ನೀನೇ ಸಮಿತಿಯ ಅಧ್ಯಕ್ಷೆ ಅಂದಾಗ ಅವಳು ಕೆರಳಿದಳು.

"ಇಎಸ್‌ಐ ಕಾರ್ಡು ಅಂದ್ರಿ, ರುಜು ಹಾಕ್ದೆ. ನಂಗ್ಯಾಕವ್ವ ಈ ಉಸಾಬರಿ? ನಾಳೆ ನಾನೂ ಅವನ ಟೆಂಪೋದಾಗೆ ಕೂರ್ಬೇಕಲ್ಲ. ಆ ಹುಡುಗಿಗೂ ಬುದ್ಧಿ ಇಲ್ಲ, ನಾವೆಲ್ಲ ಕಿವಿ ಮೇಲೆ ಹಾಕ್ಕಳ್ದೆ ಇರಲಿಲ್ವ?"

"ಯಾವುದನ್ನ ಕಿವಿ ಮೇಲೆ ಹಾಕ್ಕಳ್ಳಿಲ್ಲ, ದುರುಗಕ್ಕ?"

ದುರುಗಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಕೊನೆಗೆ, ತನ್ನ ಸಣ್ಣ ಮಗಳೂ ಬರುವ ವರ್ಷ ಇಲ್ಲಿಗೇ ಕೆಲಸಕ್ಕೆ ಬರಬೇಕು ಅಂತಾಳೆ, ಬ್ಯಾಡ ಅನ್ನುತ್ತಿದ್ದೇನೆ ಅಂದಳು. ಯಾಕೆ ಬೇಡ ಅನ್ನುತ್ತಿದ್ದಾಳೆ ಅಂತ ಉಷಾರಾಣಿ ಕೇಳುವ ಅಗತ್ಯ ಇರಲಿಲ್ಲ. "ನಡೀರಿ, ಆ ಹುಡುಗಿ ಮನೆಗೆ ಹೋಗಾಣ," ಅಂತ ದುರುಗಕ್ಕನೇ ಎದ್ದಳು.

ಸುಷ್ಮಿತಾ ಬಾಗಿಲಲ್ಲೇ ನಿಂತು ಮಾತಾಡಿದಳು, ಒಳಗೆ ಬನ್ನಿ ಅನ್ನಲಿಲ್ಲ. ದೂರು ಬರೆದುಕೊಡುತ್ತೇನೆ, ಆದರೆ ಆ ಕಾರ್ಖಾನೆಯ ಗೇಟಿನೊಳಗೆ ಕಾಲಿಡುವುದಿಲ್ಲ ಅಂದಳು. ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿದ್ದ ಶಾಂತಕ್ಕ ಚಿತ್ರದುರ್ಗದಲ್ಲಿ ಮಹಿಳಾ ಸಂಘ ನಡೆಸುವವರು. ವಿಚಾರಣೆ ಅವರ ಸಂಘದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ನಡೆಯುವುದೆಂದಾಯಿತು. ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಅಂತ ಉಷಾರಾಣಿ ಮಾವನಿಗೆ ಹೇಳಿದಳು. ಮಾರನೇ ದಿನದಿಂದಲೇ ಟೆಂಪೋ ನಿಂತಿತು.

ಆಮೇಲಿನ ವಾರಗಳು ಹೇಗೆ ಕಳೆದವೋ ಅವಳಿಗೇ ಗೊತ್ತು. ಅರ್ಧಕ್ಕರ್ಧ ಜನ ಬಸ್ಸು ಹಿಡಿದು ಬಂದರು, ಉಳಿದವರು ಬರಲಿಲ್ಲ. ಬಿಡಿಸಿಟ್ಟ ಕಾಯಿ ಹುಳಿಯಾಗಿ ಎಸೆಯಬೇಕಾಯಿತು. ಅಮ್ಮ ಫೋನ್ ಮಾಡಿ, "ನನ್ನ ತಮ್ಮನ್ನ ಬೀದಿಗೆ ನಿಲ್ಲಿಸ್ದೆ, ನಿಂಗೆ ತೃಪ್ತಿ ಆಯ್ತೇನೇ?" ಅಂತ ಅತ್ತಳು. ಯಾವುದೋ ಕುರುಬರ ಹುಡುಗಿಗೋಸ್ಕರ ಅಂತಲೂ ಅಂದಳು. ಉಷಾರಾಣಿ ಫೋನಿಟ್ಟು, ಬಾಯ್ಲರ್ ಹಚ್ಚುವವನೂ ಬಂದಿಲ್ಲ ಅಂತ ತಾನೇ ಹೋಗಿ ಕರಟ ಹಾಕಿದಳು. ಚಿತ್ರದುರ್ಗದ ಆ ಕೋಣೆಯಲ್ಲಿ ಏನು ನಡೆಯುತ್ತಿದೆ ಅಂತ ಕೇಳಲು ನಾಲಗೆ ತುರಿಸುತ್ತಿತ್ತು. ಈ ಸಲ ಕೇಳಲಿಲ್ಲ. ಮಲ್ಲಕ್ಕ ಒಂದು ದಿನ ರಜೆ ಹಾಕಿ ದುರ್ಗದ ಬಸ್ಸು ಹತ್ತಿದ್ದು ಮಾತ್ರ ಕಂಡಳು.

ವರದಿ ತಂದವರು ದುರುಗಕ್ಕ ಮತ್ತು ಶಾಂತಕ್ಕ. ಉಷಾರಾಣಿ ನಿಂತುಕೊಂಡೇ ಓದಿದಳು. ದೂರು ಸಾಬೀತಾಗಿದೆ, ಗೋವಿಂದಯ್ಯನನ್ನು ಕೆಲಸದಿಂದ ತೆಗೆಯಬೇಕು ಅಂತಿತ್ತು. ಅದನ್ನು ಅವಳು ನಿರೀಕ್ಷಿಸಿದ್ದಳು. ಕೆಳಗೆ ಸುಷ್ಮಿತಾಳ ಹೇಳಿಕೆ ಇತ್ತು. 'ಅವರು ನನ್ನನ್ನು ಹಿಡಿದಾಗ ಅಲ್ಲಿ ಯಾರೂ ಇರಲಿಲ್ಲ. ಉಷಕ್ಕ ನನ್ನ ಕೈಗೆ ಎಲೆ-ಅಡಿಕೆ ಇಟ್ಟು ಮಡಿಸಿದಾಗ ಎಲ್ಲರೂ ಇದ್ದರು. ಯಾರಿಗೂ ಗೊತ್ತಾಗುವುದು ಬೇಡ ಅಂತ ನಾನು ಮೊದಲೇ ಹೇಳಿದ್ದೆ.' ಮಾಲೀಕರು ದೂರುದಾರಳ ಗುರುತನ್ನು ಬಹಿರಂಗ ಮಾಡಿದ್ದಾರೆ ಅಂತ ಸಮಿತಿ ಅದಕ್ಕೆ ಸೇರಿಸಿತ್ತು.

"ವರದಿ ಬರೆಸೋವಾಗ ಅದನ್ನ ಬಿಡಾಣ ಅಂದ್ರು ಲಕ್ಷ್ಮೀಕಾಂತಪ್ಪ," ಅಂದಳು ದುರುಗಕ್ಕ, ಅವಳ ಮುಖ ನೋಡದೆ. "ನಾನು ಬಿಡ್ಲಿಲ್ಲ ಕಣವ್ವ. ಆವತ್ತು ಆ ಅಡಿಕೆ ನಾನೂ ತಿಂದೀನಿ."

ಆದೇಶ ಕೊಡಲು ಉಷಾರಾಣಿ ತಾನೇ ಮಾವನ ಮನೆಗೆ ಹೋದಳು. ಗೋವಿಂದಯ್ಯ ಜಗಲಿಯಲ್ಲಿ ಕೂತಿದ್ದ. ಕಾಗದ ಓದಿ ಪಕ್ಕಕ್ಕಿಟ್ಟ. ಈ ಸಲ ನಗಲಿಲ್ಲ.

"ನಿನ್ನ ಎತ್ತಿ ಆಡಿಸಿದ ಕೈ ಕಣೇ ಇದು. ಈ ಕೈ ಅಂಥದ್ದಾ? ಸೊಸೆಯಾಗಿ ನೀನೇ ಹೇಳು."

"ನನ್ನ ಜೊತೆ ಯಾಕೆ ಯಾವತ್ತೂ ತಮಾಷೆ ಮಾಡ್ಲಿಲ್ಲ ಮಾವ?" ಅಂತ ಕೇಳಿದಳು ಉಷಾರಾಣಿ. "ನಿಂಗೆ ನಿಜವಾದ ಸೊಸೆ ನಾನೊಬ್ಳೇ ಅಲ್ವಾ?"

ಗೋವಿಂದಯ್ಯ ಪಕ್ಕಕ್ಕಿಟ್ಟ ಕಾಗದವನ್ನು ಮತ್ತೆ ಕೈಗೆತ್ತಿಕೊಂಡ. ಒಳಗಿನಿಂದ ಅತ್ತೆ ಟೀ ಲೋಟ ಹಿಡಿದು ಹೊಸ್ತಿಲವರೆಗೆ ಬಂದವಳು, ಗಂಡನ ಮುಖ ನೋಡಿ ಅಲ್ಲೇ ನಿಂತುಬಿಟ್ಟಳು.

ವಾರ ಕಳೆದ ಮೇಲೆ ಸುಷ್ಮಿತಾ ವರದಿಯ ಪ್ರತಿ ತೆಗೆದುಕೊಳ್ಳಲು ಶಾಂತಕ್ಕನ ಸಂಘಕ್ಕೆ ಬರುತ್ತಾಳೆ ಅಂತ ತಿಳಿದು ಉಷಾರಾಣಿಯೂ ಚಿತ್ರದುರ್ಗಕ್ಕೆ ಹೋದಳು. ಹುಡುಗಿ ಇಳಿದುಹೋಗಿದ್ದಳು. ಹೊಳಲ್ಕೆರೆಯ ಒಂದು ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿದೆ, ಅಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದೇನೆ ಅಂದಳು. ಊರಿನಲ್ಲಿ ಇರಲಾಗಲಿಲ್ಲ ಅಂತ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಉಷಾರಾಣಿ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದದ್ದನ್ನು ಹೇಳಿದಳು. "ಅವನನ್ನ ತೆಗೆದಾಯ್ತು. ನನ್ನ ತಪ್ಪು ಹಂಗೇ ಉಳೀತಲ್ಲವ್ವ. ನಾಳೆ ಎಲ್ಲರ್ನೂ ಅದೇ ಶೆಡ್ಡಿಗೆ ಕರೀತೀನಿ. ಟೆಂಪೋದಾಗೆ ಬರ್ತಿದ್ದ ಅಷ್ಟೂ ಜನಾನ ಕರೀತೀನಿ. ಅವರ ಮುಂದೆ ನಿಂಗೆ ಕೈ ಮುಗಿದು ತಪ್ಪಾಯ್ತು ಅಂತೀನಿ. ಅವರೆಲ್ಲ ಕೇಳಿಸ್ಕಳ್ಳಿ."

ಸುಷ್ಮಿತಾ ಮೊದಲ ಸಲ ನೇರವಾಗಿ ಅವಳ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ಕೆಟ್ಟದ್ದಿತ್ತು, ಹೆದರಿಕೆ.

"ಬ್ಯಾಡ್ರಿ ಅಕ್ಕ," ಅಂದಳು. "ಮತ್ತೆ ಎಲ್ಲರ ಮುಂದೆ ಬ್ಯಾಡ. ನಿಮ್ಮ ಕಾಲಿಗೆ ಬೀಳ್ತೀನಿ."

ಬಗ್ಗಲು ಹೊರಟ ಹುಡುಗಿಯನ್ನು ತಡೆಯಲು ಉಷಾರಾಣಿ ಕೈ ಚಾಚಿದಳು, ಮುಟ್ಟಲು ಧೈರ್ಯ ಬರದೆ ಕೈ ಹಿಂದಕ್ಕೆ ತೆಗೆದುಕೊಂಡಳು. ಶಾಂತಕ್ಕ ಎದ್ದು ಬಂದು ಸುಷ್ಮಿತಾಳ ಹೆಗಲು ಹಿಡಿದು, ಬಸ್ಸಿಗೆ ಹೊತ್ತಾಗುತ್ತದೆ ಬಾರವ್ವ ಅಂತ ಕರೆದುಕೊಂಡು ಹೋದರು. ಉಷಾರಾಣಿ ಆ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ತಪ್ಪಾಯ್ತು ಅನ್ನುವ ಮಾತು ಬಾಯಲ್ಲೇ ಇತ್ತು, ಅದನ್ನು ಕೇಳಬೇಕಾದವಳು ಹೊಳಲ್ಕೆರೆ ಬಸ್ಸಿನ ಕಡೆ ನಡೆಯುತ್ತಿದ್ದಳು.